ಚೂರು ಬಟ್ಟೆಯ ಪುಟ್ಟ ಕೊಲಾಜ್ ಕೌದಿ: ಅಂಟಿಸುವುದಾ, ಮಡಚಿ ಹೊಲಿಯುವುದಾ?

ನೀವು ಮಾಡಲು ಹೊರಟಿರುವ ಕೌದಿಯನ್ನು ಮುಂದೆ ಒಗೆಯುತ್ತೀರಾ, ಇಲ್ಲ ಗೋಡೆಗೆ ನೇತುಹಾಕುತ್ತೀರಾ? ಯಾವ ವಿಧಾನ ಒಳ್ಳೆಯದು ಎಂದು ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಬಣ್ಣ, ಚಿತ್ರ, ಮಷೀನಾ ಕೈಹೊಲಿಗೆಯಾ ಎಂಬುದೆಲ್ಲ ಆಮೇಲೆ. ಒಗೆಯುವ ಕೌದಿಗೆ ಒಂದು ದಾರಿ, ಒಗೆಯದ ಕೌದಿಗೆ ಇನ್ನೊಂದು. ಇದನ್ನು ಮೊದಲೇ ತೀರ್ಮಾನ ಮಾಡದಿದ್ದರೆ, ವಾರಗಟ್ಟಲೆ ಕೂತು ಮಾಡಿದ ಕೆಲಸ ಒಂದು ಬಕೆಟ್ ನೀರಿನಲ್ಲಿ ಹಾಳಾಗಿ ಹೋಗುತ್ತದೆ. ನನಗೆ ಹಾಗೇ ಆಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಮಾಮೂಲಿ ಪ್ಯಾಚ್‌ವರ್ಕ್‌ನಲ್ಲಿ ಚೌಕ, ತ್ರಿಕೋನ ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಅಳತೆ ಸ್ವಲ್ಪ ತಪ್ಪಿದರೂ ಮೂಲೆಗಳು ಕೂಡುವುದಿಲ್ಲ. ಕೊಲಾಜ್ ಹಾಗಲ್ಲ. ಒಂದು ಬಟ್ಟೆಯನ್ನು ತಳಕ್ಕೆ ಹಾಸಿ, ಅದರ ಮೇಲೆ ಚೂರುಗಳನ್ನು ಒಂದರ ಮೇಲೊಂದು ಸ್ವಲ್ಪ ಏರಿಸಿ ಇಡುತ್ತಾ ಚಿತ್ರ ಕಟ್ಟುತ್ತೇವೆ. ಅದರ ಕೆಳಗೆ ಮೆತ್ತನೆಯ ಒಂದು ಪದರ, ಅದಕ್ಕೂ ಕೆಳಗೆ ಹಿಂಬದಿಯ ಬಟ್ಟೆ. ಮೂರನ್ನೂ ಸೇರಿಸಿ ಹೊಲಿದರೆ ಕೌದಿ. ಎರಡು ಬೆರಳಗಲದ ಚೂರಿಗೂ ಇಲ್ಲಿ ಜಾಗ ಇದೆ. ಟೈಲರ್ ರವಿಕೆ ಹೊಲಿದು ವಾಪಸ್ ಕೊಟ್ಟ ತುಂಡುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗಂತೂ ಗೊತ್ತಿಲ್ಲ.

ವಿಧಾನಗಳನ್ನು ಸರಿಯಾಗಿ ಹೋಲಿಸಿ ನೋಡಬೇಕೆಂದು ಒಂದೇ ಚಿತ್ರವನ್ನು ನಾಲ್ಕು ರೀತಿ ಮಾಡಿದೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಟಬೂಬಿಯಾ ಮರ ಇದೆ. ಮಾರ್ಚ್ ಹೊತ್ತಿಗೆ ಎಲೆಯೇ ಕಾಣದಂತೆ ಗುಲಾಬಿ ಹೂ ಬಿಡುತ್ತದೆ. ಹಿಂದೆ ಹಳದಿ ಕಾಂಪೌಂಡು, ಕೆಳಗೆ ಉದುರಿದ ಹೂವಿನ ಹಾಸು. ಬೆಂಗಳೂರಿನವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ನಾಲ್ಕೂ 12 ಇಂಚಿನ ಚೌಕ, ನಾಲ್ಕಕ್ಕೂ ಒಂದೇ ಚೀಲದ ಚೂರುಗಳು. ಮುಗಿದ ಮೇಲೆ ನಾಲ್ಕನ್ನೂ ಐದೈದು ಸಲ ಒಗೆದು ಒಣಗಿಸಿದೆ.

ಮೊದಲು ಚೀಲ ಸುರಿಯಿರಿ

ವಿಧಾನ ಆರಿಸುವುದಕ್ಕೂ ಮುಂಚೆ ಚೂರುಗಳನ್ನು ನೆಲದ ಮೇಲೆ ಸುರಿದು ಬೇರೆ ಮಾಡಿ. ನಮ್ಮ ಮನೆಗಳ ಚೀಲದಲ್ಲಿ ಬರೀ ಕಾಟನ್ ಇರುವುದಿಲ್ಲ, ಅಲ್ವಾ? ಗೌರಿ ಹಬ್ಬದ ಬಾಗಿನದಲ್ಲಿ ಬಂದ ರವಿಕೆ ಕಣ, ರೇಷ್ಮೆ ಸೀರೆಯ ಬ್ಲೌಸ್ ಪೀಸಿನಲ್ಲಿ ಉಳಿದದ್ದು, ಜಾರ್ಜೆಟ್ ದುಪಟ್ಟಾ, ಲೈನಿಂಗ್ ತುಂಡು, ಮಕ್ಕಳ ಯೂನಿಫಾರ್ಮಿನ ಟೆರಿಕಾಟ್. ಎಲ್ಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಯಾವುದು ಯಾವ ಬಟ್ಟೆ ಎಂದು ಗೊತ್ತಾಗದಿದ್ದರೆ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಕಾಟನ್ ಕಾಗದದ ಹಾಗೆ ಉರಿದು ಹಗುರ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾದ ಬಟ್ಟೆಯನ್ನು ಜೋರು ಇಸ್ತ್ರಿಯಿಂದ ದೂರ ಇಡಿ ಎಂದು ಅರ್ಥ.

ಇನ್ನು ಬಣ್ಣ. ಅಕ್ಕನ ಮಗಳಿಗೆ ಮಗುವಾದಾಗ, ನೆಲದ ಮೇಲೆ ಹಾಸಿ ಆಡಿಸಲೆಂದು ಒಂದು ಪುಟ್ಟ ಕೌದಿ ಮಾಡಿದ್ದೆ. ಬಿಳಿ ತಳ, ನಡುವೆ ಹಸಿರು ಗಿಳಿ. ಗಿಳಿಯ ಕೊಕ್ಕಿಗೆ ಮಾತ್ರ ಉಗುರಿನಷ್ಟು ಕೆಂಪು ರವಿಕೆ ಕಣ. ಮೊದಲ ಒಗೆತಕ್ಕೆ ಆ ಉಗುರಿನಷ್ಟು ಬಟ್ಟೆ ಒಂದು ಅಂಗೈಯಗಲ ಬಿಳಿಯನ್ನು ಗುಲಾಬಿ ಮಾಡಿತು. ಅಂಟಿಸಿದ್ದ ರೆಕ್ಕೆಗಳ ತುದಿಯೂ ಎದ್ದು ಎಳೆ ಬಿಟ್ಟಿತು. ಎರಡೂ ತಪ್ಪನ್ನು ಒಂದೇ ಕೌದಿಯಲ್ಲಿ ಮಾಡಿದ್ದೆ. ಅಕ್ಕ ಏನೂ ಅನ್ನಲಿಲ್ಲ. ಆದರೆ ನನಗೆ ಎಷ್ಟೋ ದಿನ ಬೇಜಾರಿತ್ತು.

ಆವತ್ತಿನಿಂದ ಕೆಂಪು, ಮರೂನ್, ಕಡುನೀಲಿ, ಕಡುಹಸಿರು ಚೂರು ಯಾವುದೇ ಇರಲಿ, ಸ್ಟೀಲ್ ಲೋಟದಲ್ಲಿ ಬಿಸಿನೀರು ಹಾಕಿ, ಒಂದು ಬಿಳಿ ಬಟ್ಟೆಯ ತುಂಡಿನ ಜೊತೆ ಅರ್ಧ ಗಂಟೆ ನೆನೆಸುತ್ತೇನೆ. ಬಿಳಿ ಬಿಳಿಯಾಗೇ ಉಳಿದರೆ ಸರಿ. ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯಬೇಕು. ಅಷ್ಟಕ್ಕೂ ನಿಲ್ಲದಿದ್ದರೆ ಅದು ಗೋಡೆಯ ಕೌದಿಗೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ನಂಬಿ ಕೂರಬೇಡಿ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪು ಸಹಾಯ ಮಾಡುತ್ತದೆ ನಿಜ, ಆದರೆ ಒಮ್ಮೆ ಹಾಕಿ ಮುಗಿದ ಬಣ್ಣವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಸಣ್ಣ ಚೂರುಗಳನ್ನು ಒಗೆಯಲು ಹಳೆಯ ದಿಂಬಿನ ಕವರಿನಲ್ಲಿ ಹಾಕಿ ಬಾಯಿ ಕಟ್ಟಿಬಿಡಿ. ಒಂದೂ ಕಳೆಯುವುದಿಲ್ಲ.

ಇಸ್ತ್ರಿ ಹಾಕಿ ಅಂಟಿಸುವುದು

ಈಗ ಹೆಚ್ಚಿನವರು ಕೊಲಾಜ್ ಶುರು ಮಾಡುವುದು ಇದರಿಂದಲೇ. ಎರಡೂ ಬದಿ ಅಂಟುವ, ಒಂದು ಬದಿಗೆ ಕಾಗದ ಇರುವ ಫ್ಯೂಸಿಬಲ್ ವೆಬ್ ಬೇಕು, ಅಂದರೆ ಇಸ್ತ್ರಿಯ ಬಿಸಿಗೆ ಕರಗಿ ಹಿಡಿಯುವ ತೆಳು ಅಂಟಿನ ಹಾಳೆ. ಕಾಗದದ ಮೇಲೆ ಆಕಾರ ಬರೆದು, ಬಟ್ಟೆಯ ಹಿಂಬದಿಗೆ ಇಸ್ತ್ರಿ ಹಾಕಿ, ಗೆರೆಯ ಮೇಲೆ ಕತ್ತರಿಸಿ, ಕಾಗದ ಸುಲಿದು, ತಳದ ಬಟ್ಟೆಯ ಮೇಲೆ ಇಟ್ಟು ಮತ್ತೆ ಇಸ್ತ್ರಿ. ಅಂಚು ಮಡಚುವ ಕೆಲಸ ಇಲ್ಲ. ಕತ್ತರಿ ಎಷ್ಟು ಸಣ್ಣ ಆಕಾರ ಕತ್ತರಿಸುತ್ತದೋ ಅಷ್ಟು ಸಣ್ಣ ಚೂರನ್ನು ಕೂರಿಸಬಹುದು. ಮರದ ಒಂದೊಂದು ಎಸಳನ್ನೂ ನಾನು ಬೇರೆ ಬೇರೆಯಾಗಿ ಇಟ್ಟೆ. ಎರಡು ಸಂಜೆಯಲ್ಲಿ ಚಿತ್ರ ಮುಗಿಯಿತು.

ಅಂಗಡಿಯಲ್ಲಿ ಒಂದು ಗೊಂದಲ ಆಗುತ್ತದೆ. "ಪೇಸ್ಟಿಂಗ್ ಕೊಡಿ" ಅಂದರೆ ಕಾಲರಿಗೆ, ಬ್ಲೌಸಿನ ಕುತ್ತಿಗೆಗೆ ಹಾಕುವ, ಒಂದೇ ಬದಿ ಅಂಟುವ ಬಟ್ಟೆಯನ್ನು ಕೊಡುತ್ತಾರೆ. ಅದು ಚೂರಿಗೆ ಅಂಟುತ್ತದೆ, ತಳಕ್ಕೆ ಅಂಟುವುದಿಲ್ಲ. ಎರಡೂ ಬದಿ ಅಂಟಬೇಕು ಎಂದು ಬಿಡಿಸಿ ಹೇಳಿ, ಮುಟ್ಟಿ ನೋಡಿ ತನ್ನಿ. ಎರಡು ಬದಿಯದರಲ್ಲೂ ತೆಳು, ದಪ್ಪ ಎಂದು ಇದೆ. ದಪ್ಪನೆಯದು ಹೊಲಿಗೆಯೇ ಬೇಡ ಎನ್ನುವವರಿಗಾಗಿ ಮಾಡಿದ್ದು. ಅದರ ಮೇಲೆ ಹೊಲಿದರೆ ಸೂಜಿಗೆ ಅಂಟು ಮೆತ್ತಿಕೊಂಡು ದಾರ ತುಂಡಾಗುತ್ತಲೇ ಇರುತ್ತದೆ. ಕೌದಿಗೆ ತೆಳುವಾದದ್ದೇ ಸರಿ.

ಇನ್ನೊಂದು ಮಾತು. ಕಾಗದದ ಮೇಲೆ ಬರೆದದ್ದು ಬಟ್ಟೆಯ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಮರವಾದರೆ ಚಿಂತೆ ಇಲ್ಲ. ಕಾಂಪೌಂಡಿನ ಗೇಟಿನ ಮೇಲೆ ಚಿಕ್ಕದಾಗಿ 'ಶ್ರೀ' ಎಂದು ಕೂರಿಸಿದ್ದೆ, ಅದು ತಿರುಗಿ ಕೂತಿತು. ಅಂಟಿದ ಮೇಲೆ ಕೀಳಲು ಬರುವುದಿಲ್ಲ. ಅಕ್ಷರ, ಅಂಕಿ, ಮುಖ ಯಾವುದೇ ಇದ್ದರೂ ಮೊದಲೇ ತಿರುಗಿಸಿ ಬರೆದುಕೊಳ್ಳಿ.

ದೋಷ ಏನು? ಬಟ್ಟೆ ಬಿರುಸಾಗುತ್ತದೆ. ಮೂರು ನಾಲ್ಕು ಚೂರು ಒಂದರ ಮೇಲೊಂದು ಬಂದ ಜಾಗ ರಟ್ಟಿನ ಹಾಗೆ ಆಗುತ್ತದೆ. ಇದಕ್ಕೊಂದು ಉಪಾಯ ಇದೆ. ದೊಡ್ಡ ಆಕಾರಗಳಿಗೆ ಅಂಟಿನ ಹಾಳೆಯ ನಡುಭಾಗವನ್ನು ಕತ್ತರಿಸಿ ತೆಗೆದು, ಸುತ್ತ ಕಾಲಿಂಚು ಪಟ್ಟಿ ಮಾತ್ರ ಉಳಿಸಿ. ಅಂಚು ಅಂಟುತ್ತದೆ, ನಡುವೆ ಬಟ್ಟೆ ಬಟ್ಟೆಯಾಗೇ ಉಳಿಯುತ್ತದೆ. ಕತ್ತರಿಸಿ ತೆಗೆದ ನಡುಭಾಗ ಸಣ್ಣ ಎಸಳುಗಳಿಗೆ ಆಗುತ್ತದೆ.

ಇನ್ನೂ ದೊಡ್ಡ ದೋಷ ಒಗೆಯುವಾಗ ಕಾಣುತ್ತದೆ. ಅಂಟು ಚೂರನ್ನು ಜಾಗದಲ್ಲಿ ಇಡುತ್ತದೆ, ಒಗೆತ ತಡೆಯುವಂತೆ ಮಾಡುವುದು ಹೊಲಿಗೆ. ನನ್ನ ಮರದಲ್ಲಿ ಅಂಚಿನಿಂದ ಒಂದು ಅಕ್ಕಿಕಾಳಿನ ಅಗಲದೊಳಗೆ ಹೊಲಿಗೆ ಬಿದ್ದ ಎಸಳುಗಳು ಐದು ಒಗೆತಕ್ಕೂ ಜಗ್ಗಲಿಲ್ಲ. ಸ್ವಲ್ಪ ಎಳೆ ಎದ್ದಿತು ಅಷ್ಟೆ. ಹೊಲಿಗೆ ತಪ್ಪಿದ ಎಸಳುಗಳ ತುದಿ ಎರಡನೇ ಒಗೆತಕ್ಕೇ ಸುರುಳಿ ಸುತ್ತಿಕೊಂಡಿತು. ಒತ್ತಾಗಿ ನೇಯ್ದ ಪಾಪ್ಲಿನ್, ಕೇಂಬ್ರಿಕ್ ಚೂರುಗಳು ಚೆನ್ನಾಗಿ ತಡೆದವು. ಸಡಿಲ ನೇಯ್ಗೆಯ ಕೈಮಗ್ಗದ ಬಟ್ಟೆ ತಡೆಯಲಿಲ್ಲ. ಅಂಥ ಬಟ್ಟೆಯನ್ನು ಟೈಲರ್‌ಗಳು ಹೇಳುವ ಹಾಗೆ ಕ್ರಾಸಿನಲ್ಲಿ, ಅಂದರೆ ಎಳೆಗಳಿಗೆ ಓರೆಯಾಗಿ, ಕತ್ತರಿಸಿದರೆ ಎಳೆ ಬಿಡುವುದು ಎಷ್ಟೋ ಕಮ್ಮಿ. ಕತ್ತರಿಸುವ ಮುಂಚೆ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡರೂ ಅಂಚು ಚೂಪಾಗಿ ಬರುತ್ತದೆ.

ಫ್ಯೂಸಿಬಲ್ ವೆಬ್ ಸಿಗದಿದ್ದರೆ ಮಕ್ಕಳ ಗ್ಲೂ ಸ್ಟಿಕ್ ಸಾಕು. ಚೂರಿನ ನಡುವೆ ಒಂದು ಚುಕ್ಕೆ ಹಚ್ಚಿ ಇಟ್ಟು ಹೊಲಿದರೆ ಆಯಿತು. ನೀರಿನಲ್ಲಿ ಕರಗಿ ಹೋಗುವ ಬಗೆಯದನ್ನೇ ತೆಗೆದುಕೊಳ್ಳಿ. ಮರಗೆಲಸದ ಬಿಳಿ ಅಂಟು ಬೇಡ. ಒಣಗಿದರೆ ಸೂಜಿ ಇಳಿಯುವುದಿಲ್ಲ.

ಪುಡಿ ಚೂರು, ಮೇಲೆ ನೆಟ್

ಕೈಯಲ್ಲಿ ಹಿಡಿಯಲೂ ಆಗದಷ್ಟು ಸಣ್ಣ ಚೂರು ಉಳಿಯುತ್ತದಲ್ಲ, ಅದಕ್ಕೆ ಈ ವಿಧಾನ. ಹಿಂಬದಿಯ ಬಟ್ಟೆ, ಮೆತ್ತನೆಯ ಪದರ, ತಳದ ಬಟ್ಟೆ ಮೂರನ್ನೂ ಮೊದಲೇ ಜೋಡಿಸಿ ಇಟ್ಟುಕೊಳ್ಳಿ. ಚೂರುಗಳನ್ನು ಕೊತ್ತಂಬರಿ ಸೊಪ್ಪು ಹೆಚ್ಚಿದ ಹಾಗೆ ಕತ್ತರಿಯಲ್ಲಿ ಪುಡಿ ಮಾಡಿ, ಬೇಕಾದಲ್ಲಿ ಉದುರಿಸಿ. ಮೇಲೆ ತೆಳು ನೆಟ್ ಬಟ್ಟೆ ಹಾಸಿ, ಒತ್ತೊತ್ತಾಗಿ ಗುಂಡುಸೂಜಿ ಚುಚ್ಚಿ, ಮಷೀನಿನಲ್ಲಿ ಅಡ್ಡಾದಿಡ್ಡಿ ಹೊಲಿಯಿರಿ. ಶುರು ಮಾಡುವ ಮುಂಚೆ ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ. ಇದನ್ನು ಮರೆತರೆ ಹೂವೆಲ್ಲ ಸೋಫಾದ ಕೆಳಗೆ.

ನಾಲ್ಕರಲ್ಲಿ ಕಣ್ಣಿಗೆ ಅತಿ ಚೆಂದ ಕಂಡದ್ದು ಇದೇ. ಆರು ಬಗೆಯ ಗುಲಾಬಿ, ಒಂದು ಚಿಟಿಕೆ ನೇರಳೆ, ನಡುನಡುವೆ ಬಿಳಿ ಲೈನಿಂಗಿನ ಪುಡಿ. ದೂರ ನಿಂತು ನೋಡಿದರೆ ಬೀದಿ ಕೊನೆಯ ಮರವೇ. ಎಲೆ, ಹೂ, ನೀರು, ಮೋಡ ಇಂಥದ್ದಕ್ಕೆಲ್ಲ ಬೇರೆ ವಿಧಾನ ಇದರ ಹತ್ತಿರಕ್ಕೂ ಬರುವುದಿಲ್ಲ. ನೆಟ್ ಕೊಳ್ಳುವಾಗ ಮಾತ್ರ ಬಿಳಿ ಬೇಡ. ಬಿಳಿ ನೆಟ್ ಚಿತ್ರದ ಮೇಲೆ ಮಂಜು ಕವಿದಂತೆ ಮಾಡುತ್ತದೆ. ಕಪ್ಪು ಅಥವಾ ಚಿತ್ರದ್ದೇ ಬಣ್ಣದ ಗಾಢ ನೆಟ್ ಬಹುಮಟ್ಟಿಗೆ ಕಾಣದೇ ಹೋಗುತ್ತದೆ. ನೆಟ್ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರುತ್ತದೆ, ನೇರ ಇಸ್ತ್ರಿ ತಾಗಿದರೆ ಕರಗುತ್ತದೆ. ಮೇಲೊಂದು ಬಟ್ಟೆ ಹಾಕಿ, ಸಣ್ಣ ಬಿಸಿಯಲ್ಲಿ ಒತ್ತಿ.

ಆದರೆ ಇದು ಗೋಡೆಗೆ ಮಾತ್ರ. ಬಳೆಗೆ, ಉಗುರಿಗೆ ನೆಟ್ ಸಿಕ್ಕಿಕೊಳ್ಳುತ್ತದೆ. ಮೂರನೇ ಒಗೆತಕ್ಕೆ ಹೊಲಿಗೆ ವಿರಳವಿದ್ದ ಕಡೆ ಪುಡಿಯೆಲ್ಲ ಒಂದು ಮೂಲೆಗೆ ಸರಿದು ಗಂಟಾಯಿತು.

ಮದುವೆ ಕಾರ್ಡಿನ ಸಹಾಯದಿಂದ ಅಂಚು ಮಡಚುವುದು

ಇದು ಹಳೆಯ ಅಪ್ಲಿಕ್ ವಿಧಾನ. ಪ್ರತಿ ಚೂರಿನ ಅಂಚನ್ನೂ ಕಾಲಿಂಚು ಒಳಕ್ಕೆ ಮಡಚಿ, ದಾರ ಕಾಣದಂತೆ ಕೈಯಲ್ಲಿ ಹೊಲಿಯುವುದು. ಅಂಚು ಒಂದೇ ಸಮ ಬರಲು ನಾನು ಹಳೆಯ ಮದುವೆ ಕಾರ್ಡು ಬಳಸುತ್ತೇನೆ. ಆಕಾರವನ್ನು ಕಾರ್ಡಿನಲ್ಲಿ ಕತ್ತರಿಸಿ, ಬಟ್ಟೆಯ ಹಿಂಬದಿಗೆ ಇಟ್ಟು, ಸುತ್ತಲಿನ ಕಾಲಿಂಚಿಗೆ ಬ್ರಷ್ಷಿನಲ್ಲಿ ಗಂಜಿ ಹಚ್ಚಿ, ಕಾರ್ಡಿನ ಮೇಲಕ್ಕೆ ಮಡಚಿ ಇಸ್ತ್ರಿ ಒತ್ತಿದರೆ ಅಂಚು ಗರಿಗರಿಯಾಗಿ ನಿಲ್ಲುತ್ತದೆ. ಆಮೇಲೆ ಕಾರ್ಡನ್ನು ಮೆಲ್ಲಗೆ ಎಳೆದು ತೆಗೆಯಿರಿ. ಒಳಕ್ಕೆ ಬಾಗಿದ ಅಂಚಿಗೆ ಮಾತ್ರ ಮಡಚುವ ಮುಂಚೆ ಸಣ್ಣ ಸಣ್ಣ ಕತ್ತರಿ ಏಟು ಹಾಕಬೇಕು. ಮುಗಿದ ಮೇಲೆ ಗಂಜಿಯನ್ನು ತೊಳೆದುಬಿಡಿ, ಇಲ್ಲದಿದ್ದರೆ ಹುಳು ಬರುತ್ತದೆ.

ಐದು ಒಗೆತ ಆದಮೇಲೂ ಇದರಲ್ಲಿ ಒಂದು ಎಳೆ ಅಲುಗಿರಲಿಲ್ಲ. ಆದರೆ ಒಂದು ಇಂಚಿಗಿಂತ ಸಣ್ಣ ಆಕಾರ ಮಡಚುವುದು ಕಷ್ಟ. ಎಸಳುಗಳನ್ನೆಲ್ಲ ಬಿಟ್ಟು ಇಡೀ ಮರವನ್ನು 11 ಗುಂಡನೆಯ ಗೊಂಚಲು ಮಾಡಬೇಕಾಯಿತು. ಮೂರು ವಾರ ಹಿಡಿಯಿತು. ತಾಳ್ಮೆ ಇದ್ದು, ಚಿತ್ರ ಸರಳವಾಗಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ನಮ್ಮ ಕೌದಿಯ ದಾರಿ

ಇದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ನನಗೆ ಅತಿ ಇಷ್ಟವಾದದ್ದು ಇದು.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಗೊತ್ತಿಲ್ಲದವರಿಲ್ಲ. ಹಳೆಯ ಸೀರೆ, ಧೋತರ, ಚೂರು ಬಟ್ಟೆ ಸೇರಿಸಿ ಸಾಲು ಸಾಲಾಗಿ ಹೊಲಿದ ಹೊದಿಕೆ. ನಮ್ಮಜ್ಜಿ ಹುಬ್ಬಳ್ಳಿ ಕಡೆಯವರು. ಬೆಂಗಳೂರಿಗೆ ಬರುವಾಗ ಟ್ರಂಕಿನಲ್ಲಿ ಎರಡು ಕೌದಿ ತಂದಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳಂತೂ ಇವತ್ತು ದೇಶದ ಹೊರಗೂ ಹೆಸರಾಗಿವೆ. ಅವರು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ಚೂರು ಇಡುತ್ತಾ ಸುತ್ತು ಹಾಕಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುವ 'ಫುಲಾ' ಇರಲೇಬೇಕು. ಅಂದರೆ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿ ಅಲ್ಲ.

ಈ ವಿಧಾನದಲ್ಲಿ ಇಸ್ತ್ರಿ ಬೇಡ, ಅಂಟು ಬೇಡ, ಮಷೀನು ಬೇಡ. ಹಳೆಯ ಕಾಟನ್ ಸೀರೆಯನ್ನು ಎರಡು ಮೂರು ಪದರ ಮಡಚಿ, ಕಚ್ಚಾ ಹೊಲಿಗೆ ಹಾಕಿಕೊಂಡರೆ ಅದೇ ತಳ, ಅದೇ ಮೆತ್ತನೆಯ ಪದರ. ಮೂಲೆಯಲ್ಲಿ ಮೊದಲ ಚೂರು ಇಟ್ಟು, ಕಾಣುವ ಅಂಚನ್ನು ಬೆರಳಿನಿಂದ ಮಡಚಿ, ಎಲ್ಲ ಪದರಕ್ಕೂ ಸೂಜಿ ಇಳಿಯುವಂತೆ ಉದ್ದಕ್ಕೆ ಹೊಲಿಗೆ ಹಾಕುತ್ತಾ ಹೋಗಿ. ಅದರ ಪಕ್ಕದ ಚೂರು ಹಿಂದಿನದರ ಕಚ್ಚಾ ಅಂಚನ್ನು ಮುಚ್ಚಬೇಕು. ಒಂದು ಸುತ್ತು ಮುಗಿಯುವ ಹೊತ್ತಿಗೆ ಆ ಸುತ್ತಿನ ಚಿತ್ರವೂ ಆಯಿತು, ಹೊಲಿಗೆಯೂ ಆಯಿತು. ಬೇರೆ ಮೂರೂ ವಿಧಾನದಲ್ಲಿ ಇವು ಎರಡು ಬೇರೆ ಬೇರೆ ಕೆಲಸ. ಇಲ್ಲಿ ಎರಡೂ ಒಂದೇ.

ಸಾಲಿನಿಂದ ಸಾಲಿಗೆ ಕಾಲಿಂಚಿನಿಂದ ಅರ್ಧ ಇಂಚು ಸಾಕು. ಎರಡೆಳೆ ಕಾಟನ್ ದಾರ, ಉದ್ದನೆಯ ಸೂಜಿ, ನಡುಬೆರಳಿಗೆ ಥಿಂಬಲ್. ಮೊದಲ ದಿನ ನನ್ನ ಹೊಲಿಗೆ ಒಂದು ದೊಡ್ಡದು, ಒಂದು ಚಿಕ್ಕದು ಬರುತ್ತಿತ್ತು. ಬಿಚ್ಚಬೇಕು ಅನಿಸಿತು, ಬಿಚ್ಚಲಿಲ್ಲ. ಎರಡನೇ ಸುತ್ತಿಗೆ ಕೈ ತಾನಾಗೇ ಹದಕ್ಕೆ ಬಂತು. ಸಂಜೆ ಟೀವಿ ಮುಂದೆ, ಮಗಳ ಡ್ಯಾನ್ಸ್ ಕ್ಲಾಸಿನ ಹೊರಗಿನ ಬೆಂಚಿನ ಮೇಲೆ, ಮೆಟ್ರೋದಲ್ಲಿ ಸೀಟು ಸಿಕ್ಕಿದರೆ ಅಲ್ಲೂ. ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗಬಹುದಾದ ವಿಧಾನ ಇದೊಂದೇ.

ಚಿತ್ರ ಸರಳವಾಗಬೇಕು, ನಿಜ. ಎಸಳು, ಕೊಂಬೆ ಎಲ್ಲ ಬರುವುದಿಲ್ಲ. ಹೊರ ಸುತ್ತಿಗೆ ಆಕಾಶದ ನೀಲಿ, ಗೋಡೆಯ ಹಳದಿ ಇಟ್ಟೆ. ಒಳ ಸುತ್ತುಗಳಿಗೆ ಗುಲಾಬಿಗಳು, ತೆಳುವಿನಿಂದ ಗಾಢಕ್ಕೆ. ಕೊನೆಗೆ ನಡುವೆ ಒಂದು ಕಂದು ಪಟ್ಟಿ, ಅದೇ ಕಾಂಡ. ಮರ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಹೊಲಿಗೆಯ ಸಾಲುಗಳು ಅದರ ಸುತ್ತ ನೀರಿನ ಉಂಗುರದ ಹಾಗೆ ಕೂತಿದ್ದವು. ಐದು ಒಗೆತದ ನಂತರ ಬೇರೆ ಮೂರೂ ಒಂದಿಷ್ಟಾದರೂ ಹಳತಾದಂತೆ ಕಂಡವು. ಕೌದಿ ಮಾತ್ರ ಸಣ್ಣಗೆ ಸುಕ್ಕುಗಟ್ಟಿ, ಇನ್ನೂ ಮೆತ್ತಗಾಗಿ, ಮೊದಲಿಗಿಂತ ಚೆಂದ ಆಗಿತ್ತು.

ಇದರಲ್ಲಿ ರೇಷ್ಮೆ ಹಾಕಬಹುದಾ ಎಂದು ಕೇಳುತ್ತಾರೆ. ಒಗೆಯುವುದಕ್ಕಾದರೆ ಬೇಡ. ಹಳೆಯ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಜರಿ ಚುಚ್ಚುತ್ತದೆ. ಗೋಡೆಗಾದರೆ ಹಾಕಿ. ಮೈಸೂರು ರೇಷ್ಮೆಯಂಥ ಜಾರುವ ಬಟ್ಟೆಗೆ ಹಿಂದಿನಿಂದ ತೆಳು ಪೇಸ್ಟಿಂಗ್ ಅಂಟಿಸಿಕೊಂಡರೆ ಕೈಗೆ ಸಿಗುತ್ತದೆ. ಆ ಒಂದು ಬದಿ ಅಂಟುವ ಪೇಸ್ಟಿಂಗ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ.

ಹಾಗಾದರೆ ಯಾವುದು?

ಮಗುವಿಗೆ, ದಿಂಬಿಗೆ, ಕಾಲಿಗೆ ಹೊದೆಯಲು, ಅಂದರೆ ಒಗೆಯುವ ಯಾವುದಕ್ಕಾದರೂ ಕೌದಿಯ ದಾರಿಯೇ ಸರಿ. ಅದರ ಮೇಲೆ ಒಂದೆರಡು ಸ್ಪಷ್ಟ ಆಕಾರ ಬೇಕೆನಿಸಿದರೆ, ಗಿಳಿಯೋ ಮಾವಿನಕಾಯಿಯೋ, ಮದುವೆ ಕಾರ್ಡಿನಲ್ಲಿ ಮಡಚಿ ಕೂರಿಸಿ. ಮಷೀನು ಇಲ್ಲದವರಿಗೆ, ಮೊದಲ ಸಲ ಸೂಜಿ ಹಿಡಿಯುವವರಿಗೆ ಕೂಡ ನಾನು ಇದನ್ನೇ ಹೇಳುವುದು. ಕೈಹೊಲಿಗೆ ಅಂದರೆ ಕಷ್ಟ ಎಂದು ಹೆದರಿ ಅಂಟಿಸುವುದಕ್ಕೆ ಹೋಗಬೇಡಿ.

ಗೋಡೆಗಾದರೆ ಅಂಟಿಸಿ, ಹೊಲಿದು, ಹೂವಿನ ಜಾಗಕ್ಕೆ ಮಾತ್ರ ಪುಡಿ ಚೂರು ಮತ್ತು ನೆಟ್. ಎರಡನ್ನೂ ಸೇರಿಸಿ 16 ಇಂಚು ಅಗಲ, 20 ಇಂಚು ಎತ್ತರದ ಒಂದನ್ನು ಆಮೇಲೆ ಮಾಡಿದೆ. ಗೋಡೆ, ಕಾಂಡ, ಗೇಟು ಅಂಟಿಸಿದ್ದು. ಮೇಲಿನ ಹೂವೆಲ್ಲ ಪುಡಿ. ಇಲ್ಲಿ 'ಶ್ರೀ' ನೇರವಾಗಿ ಕೂತಿದೆ.

ಯಾವ ವಿಧಾನವಾದರೂ ಚೂರುಗಳನ್ನು ಇಟ್ಟಾದ ಮೇಲೆ, ಹೊಲಿಯುವ ಮುಂಚೆ, ಫೋನಿನಲ್ಲಿ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಮರ, ಗೋಡೆ, ಆಕಾಶ ಮೂರೂ ಒಂದೇ ಬೂದು ಬಣ್ಣದಲ್ಲಿ ಕಂಡರೆ ಚಿತ್ರ ನಿಲ್ಲುವುದಿಲ್ಲ. ಒಂದನ್ನು ಗಾಢ ಮಾಡಿ, ಇಲ್ಲವೇ ತೆಳು ಮಾಡಿ. ನನ್ನ ಮೊದಲ ಜೋಡಣೆಯಲ್ಲಿ ಗುಲಾಬಿಯೂ ಹಳದಿಯೂ ಒಂದಾಗಿ ಕಂಡವು. ಗೋಡೆಗೆ ಇನ್ನೂ ತೆಳು ಹಳದಿ ಹಾಕಿದೆ, ಮರ ಎದ್ದು ನಿಂತಿತು.

ಒಳಗಿನ ಪದರ, ಮಷೀನು, ಅಂಗಡಿ

ಬೆಂಗಳೂರಿನ ಹವಾಮಾನಕ್ಕೆ ದಪ್ಪ ಪದರ ಬೇಕಾಗಿಲ್ಲ. ಹಳೆಯ ಫ್ಲಾನೆಲ್ ಬೆಡ್‌ಶೀಟ್ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಗೋಡೆಯ ಕೌದಿ ನೆಟ್ಟಗೆ ನಿಲ್ಲಬೇಕಾದರೆ ತೆಳು ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಒಳಗೆ ಹಾಕುವ ಮೆತ್ತನೆಯ ಹಾಳೆ. ದಪ್ಪ ವ್ಯಾಡಿಂಗ್ ಮೇಲೆ ಕೊಲಾಜ್ ಉಬ್ಬಿ ಸೊಟ್ಟಗಾಗುತ್ತದೆ. ಹಾಸಿಗೆ ಅಂಗಡಿಯ ಹಿಂಜಿದ ಹತ್ತಿ ಬೇಡವೇ ಬೇಡ, ಒಗೆದರೆ ಗಂಟು ಗಂಟಾಗುತ್ತದೆ. ಒಳಗಿನ ಪದರ, ಹಿಂಬದಿಯ ಬಟ್ಟೆ ಎರಡನ್ನೂ ನಾಲ್ಕೂ ಕಡೆ ಎರಡಿಂಚು ಜಾಸ್ತಿ ಬಿಟ್ಟೇ ಕತ್ತರಿಸಿ. ಹೊಲಿಯುತ್ತಾ ಹೋದಂತೆ ಮೇಲಿನ ಬಟ್ಟೆ ಎಳೆದುಕೊಳ್ಳುತ್ತದೆ.

ಮಷೀನಿನಲ್ಲಿ ಅಡ್ಡಾದಿಡ್ಡಿ ಹೊಲಿಯಲು ಡಾರ್ನಿಂಗ್ ಫುಟ್ (ಬಟ್ಟೆಯನ್ನು ಬೇಕಾದ ಕಡೆ ತಿರುಗಿಸಲು ಬಿಡುವ ಪಾದ) ಹಾಕಿ, ಬಟ್ಟೆಯನ್ನು ಮುಂದಕ್ಕೆ ಸರಿಸುವ ಕೆಳಗಿನ ಹಲ್ಲುಗಳನ್ನು ಇಳಿಸಬೇಕು. ಇಳಿಸಲು ಬಾರದ ಹಳೆಯ ಮಷೀನಾದರೆ ಹಲ್ಲಿನ ಮೇಲೆ ಮುಚ್ಚುವ ತಗಡು ಸಿಗುತ್ತದೆಯೇ ಎಂದು ರಿಪೇರಿಯವರನ್ನು ಕೇಳಿ. ಮೂರು ಪದರಕ್ಕೆ 14ನೇ ನಂಬರ್ ಸೂಜಿ. ಕೈ ವೇಗವಾಗಿ ಓಡಿದರೆ ಹೊಲಿಗೆ ಉದ್ದ ಆಗುತ್ತದೆ, ಮಷೀನು ವೇಗವಾಗಿ ಓಡಿದರೆ ಗಿಡ್ಡ ಆಗುತ್ತದೆ. ಎರಡನ್ನೂ ಹೊಂದಿಸಲು ಒಂದು ಹಳೆಯ ಬಟ್ಟೆಯ ಮೇಲೆ ಅರ್ಧ ಗಂಟೆ ನಿಮ್ಮ ಹೆಸರನ್ನೇ ಬರೆದು ಅಭ್ಯಾಸ ಮಾಡಿ. ಕನ್ನಡದ ಗುಂಡು ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಸಾಮಾನಿಗೆ ನಾನು ಹೋಗುವುದು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆಗೆ. ಮೆಟ್ರೋ ಹಸಿರು ಮಾರ್ಗದ ಚಿಕ್ಕಪೇಟೆ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಲೇಸು, ದಾರ, ನೆಟ್ ಎಲ್ಲ ಒಂದೇ ಸುತ್ತಿನಲ್ಲಿ ಆಗುತ್ತದೆ. ಅಷ್ಟು ದೂರ ಆಗದಿದ್ದರೆ ಗಾಂಧಿಬಜಾರ್, ಮಲ್ಲೇಶ್ವರ, ಜಯನಗರ 4ನೇ ಬ್ಲಾಕಿನ ಮ್ಯಾಚಿಂಗ್ ಸೆಂಟರ್‌ಗಳು ಸಾಕು. ಚೂರು ಬಟ್ಟೆ ಕೊಳ್ಳಲು ಮಾತ್ರ ಹೋಗಬೇಡಿ. ಬಡಾವಣೆಯ ಟೈಲರ್ ಹತ್ತಿರ ಹಿಂದಿನ ದಿನವೇ ಹೇಳಿಟ್ಟರೆ ಒಂದು ಕವರ್ ತುಂಬಾ ಎತ್ತಿಟ್ಟಿರುತ್ತಾರೆ. ನಮ್ಮ ಟೈಲರಮ್ಮ ಈಗ ಗುಲಾಬಿ ಚೂರುಗಳನ್ನು ನನಗೇ ಎಂದು ಬೇರೆ ಇಡುತ್ತಾರೆ.

ಅಂಚು ಮತ್ತು ಹಿಂಬದಿ

ಒಗೆಯುವ ಕೌದಿಗೆ ಸುತ್ತ ಪಟ್ಟಿ ಕೊಟ್ಟು ಹೊಲಿಯಿರಿ. ಎರಡೂವರೆ ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಚಿ ಕೊಟ್ಟರೆ ಎರಡು ಪದರ ಆಗಿ ಗಟ್ಟಿ ಬರುತ್ತದೆ. ಸಿದ್ದಿಯವರ ಹಾಗೆ ಅಂಚಿನಿಂದಲೇ ಶುರು ಮಾಡಿದರೆ ತಳದ ಅಂಚನ್ನು ಮೊದಲ ಸುತ್ತಿನಲ್ಲೇ ಒಳಕ್ಕೆ ಮಡಚಿಕೊಳ್ಳಬಹುದು, ಪಟ್ಟಿಯೇ ಬೇಡ. ಗೋಡೆಯ ಚಿತ್ರಕ್ಕೆ ಪಟ್ಟಿ ಫೋಟೋ ಫ್ರೇಮಿನಂತೆ ಕಾಣುತ್ತದೆ. ನನಗೆ ಇಷ್ಟವಿಲ್ಲ. ಅಂಚನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊಲಿಯುತ್ತೇನೆ. ಹಿಂದೆ ಮೇಲ್ಭಾಗದಲ್ಲಿ ಕೋಲು ತೂರಿಸಲು ನಾಲ್ಕಿಂಚಿನ ಬಟ್ಟೆಯ ಕೊಳವೆ. ನೇರ ಬಿಸಿಲು ಬೀಳುವ ಗೋಡೆ ಬೇಡ, ರೇಷ್ಮೆಯ ಬಣ್ಣ ಬೇಗ ಹೋಗುತ್ತದೆ.

ಹಿಂಬದಿಯ ಒಂದು ಮೂಲೆಗೆ ಅಂಗೈಯಗಲದ ಬಿಳಿ ಬಟ್ಟೆ ಹೊಲಿದು, ಬಟ್ಟೆಗೆ ಬರೆಯುವ ಪೆನ್ನಿನಲ್ಲಿ ವರ್ಷ ಬರೆಯಿರಿ, ಯಾವ ಚೂರು ಎಲ್ಲಿಯದು ಎಂದೂ ಬರೆಯಿರಿ. ನನ್ನದರ ಹಿಂದೆ ಹೀಗಿದೆ: "ಆಕಾಶ, ಅಜ್ಜಿಯ ನೀಲಿ ಸೀರೆ. ಗೋಡೆ, ಸೊಸೆಯ ಚೂಡಿದಾರ. ಕಾಂಡ, ಇವರ ಪ್ಯಾಂಟು. ಹೂ, ಟೈಲರಮ್ಮ ಕೊಟ್ಟದ್ದು."